ಚೀರೋ ಹುಡುಗಿಯ ಅವ್ವ

ಶುಕ್ರವಾರ ರಾತ್ರಿ 10.40ಕ್ಕೆ ಮೊಬೈಲ್ ಟಿಣ್ ಅಂತು. ಆ ಹೊತ್ತಿನಲ್ಲಿ ನನಗೆ ಮೆಸೇಜ್ ಕಳಿಸುವವರು ಇಬ್ಬರೇ. ಒಬ್ಬರು ಸಾಲ ಬೇಕೇನು ಅಂತ ಕೇಳುವವರು, ಇನ್ನೊಬ್ಬರು ಮಗಳ ಕೋಚ್. ದೇವರೇ, ಸಾಲದವರೇ ಆಗಿರಲಿ ಅಂತ ಬೇಡಿಕೊಂಡೆ. ಕೋಚ್ ಆಗಿದ್ದರು.

"ಡಿಯರ್ ಪೇರೆಂಟ್ಸ್, ಭಾನುವಾರದ ಸ್ಪರ್ಧೆಗೆ ನೀಲಿ ರಿಬ್ಬನ್ ಬೇಡ. ಕೆಂಪು ಬೇಕು. ಚಮಕಿ ಇರಬೇಕು. ಅಗಲ ಮೂರು ಇಂಚು. ನಾಳೆ ಸಂಜೆ ಪ್ರಾಕ್ಟೀಸಿಗೆ ಕಡ್ಡಾಯ." ಕೊನೆಗೆ ಕೈ ಮುಗಿದ ಚಿತ್ರ. ಈ ಮನುಷ್ಯ ಕೈ ಮುಗಿದಾಗಲೆಲ್ಲ ನನ್ನ ಅರ್ಧ ದಿನದ ರಜೆ ಹೋಗುತ್ತದೆ. ನೀಲಿ ರಿಬ್ಬನ್ ತಂದು ಇನ್ನೂ ವಾರ ಆಗಿರಲಿಲ್ಲ.

ನನ್ನ ಮಗಳು ಆರನೇ ಕ್ಲಾಸು. ಚೀರ್‌ಲೀಡಿಂಗ್ ಕಲಿಯುತ್ತಾಳೆ. ಹುಬ್ಬಳ್ಳಿಯಲ್ಲಿ ಈ ಮಾತು ಹೇಳಿದರೆ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಅತ್ತೆ ಮೊದಲ ಸಲ ಕೇಳಿದಾಗ ಕಣ್ಣು ಅಗಲ ಮಾಡಿದರು. "ಚೀರೂದಕ್ಕ ಫೀ ಕೊಡ್ತೀರೇನವಾ? ಮನ್ಯಾಗ ಬಿಟ್ಟೀ ಚೀರ್ತಾಳಲ್ಲ!" ಎದುರು ಮನೆಯವರದು ಬೇರೆ ಪ್ರಶ್ನೆ. "ಐಪಿಎಲ್‌ಗೆ ಕಳಸ್ತೀರೇನ್ರಿ?" ಧ್ವನಿಯಲ್ಲಿ ಅರ್ಧ ಕನಿಕರ, ಅರ್ಧ ಪಾಸ್ ಸಿಗಬಹುದು ಅನ್ನೋ ಆಸೆ.

ಇವರಿಗೆಲ್ಲ ಉತ್ತರ ಕೊಡಬೇಕು ಅಂತಲೇ ನಾನು ಓದಿಕೊಂಡೆ. 1898ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನೋ ಹುಡುಗ ಪ್ರೇಕ್ಷಕರ ಮುಂದೆ ನಿಂತು ಎಲ್ಲರ ಕೈಲೂ ಘೋಷಣೆ ಕೂಗಿಸಿದ. ಇದೆಲ್ಲ ಶುರುವಾದದ್ದು ಅಲ್ಲಿಂದ. ಮೊದಮೊದಲು ಇದು ಗಂಡು ಹುಡುಗರ ಕೆಲಸವೇ ಆಗಿತ್ತು. ಈಗ ಇದೊಂದು ಕ್ರೀಡೆ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ ಮಾನ್ಯತೆ ಕೊಟ್ಟಿದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದರು. "ಅಂದ್ರ ಚೀರೂದ ಆತಲ್ಲ?" ಅಂದರು.

ಕೊನೆಗೆ ಅವರಿಗೆ ತಿಳಿದದ್ದು ಗೋಕುಲಾಷ್ಟಮಿಯಿಂದ. ಮೊಸರ ಗಡಿಗೆ ಒಡೆಯುವಾಗ ಒಬ್ಬರ ಮೇಲೊಬ್ಬರು ಹತ್ತುತ್ತಾರಲ್ಲ, ಅದೇ ಥರ ಅಂದೆ. ಗಡಿಗೆ ಮಾತ್ರ ಇರೋದಿಲ್ಲ. ಮೇಲೆ ಹತ್ತುವ ಹುಡುಗಿ ಫ್ಲೈಯರ್, ಕೆಳಗೆ ನಿಂತು ಅವಳ ಪಾದ ಹಿಡಿಯುವವರು ಬೇಸ್. ನಮ್ಮವಳು ಬೇಸ್. ಇದು ತಿಳಿದ ದಿನದಿಂದ ಅತ್ತೆಗೆ ಹೊಸ ಸಂಕಟ. "ನಮ್ಮ ಹುಡುಗೀನ ಯಾಕ ಕೆಳಗ ನಿಂದರಸ್ಯಾರ? ನಿಮ್ಮ ಸರ್‌ಗೆ ಹೇಳು, ಪಾಳಿ ಪ್ರಕಾರ ಹತ್ತಸ್ರಿ ಅಂತ."

ನನ್ನ ಆಫೀಸು ಧಾರವಾಡದಲ್ಲಿ, ಮನೆ ಹುಬ್ಬಳ್ಳಿಯಲ್ಲಿ, ಕ್ಲಾಸು ಸಂಜೆ ಐದೂವರೆಗೆ. ಎರಡೂ ಊರಿನ ನಡುವಿನ ಚಿಗರಿ ಬಸ್ಸು ತನ್ನ ದಾರಿಯಲ್ಲಿ ಹೆಸರಿಗೆ ತಕ್ಕ ಹಾಗೆ ಜಿಂಕೆಯಂತೆ ಓಡುತ್ತದೆ. ಚಿಗರಿ ಹಾಗೆ ಓಡಲಾಗದವಳು ನಾನು. ನಮ್ಮ ಮನೆಯವರಿಗೆ ಫೋನ್ ಮಾಡಿದರೆ ಅವರದು ರೈಲ್ವೆ ಕೆಲಸ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್, 1,507 ಮೀಟರ್, ನಮ್ಮೂರಿನಲ್ಲಿದೆ ಅಂತ ಎಲ್ಲರಿಗೂ ಹೆಮ್ಮೆ. ನನಗೆ ಮಾತ್ರ 2023ರಿಂದ ಅದೊಂದು ನೆಪ. "ಆ ತುದಿಯಾಗ ಅದೀನಿ, ನೀನ ಹೋಗಿಬಿಡು." ಅವರು ಎಂದಾದರೂ ಈ ತುದಿಯಲ್ಲಿ ಇದ್ದದ್ದನ್ನು ನಾನು ಕೇಳಿಲ್ಲ.

ಶನಿವಾರ ಎರಡು ತಾಸು ಪರ್ಮಿಷನ್ ಕೇಳಿದೆ. ಸಾಹೇಬರು ಕಾರಣ ಕೇಳಿದರು. ರಿಬ್ಬನ್ ಅಂದೆ. "ಉದ್ಘಾಟನೆ ಐತೇನ್ರಿ?" ಅಂದರು. ಆಗ ನನಗೆ ನಗು ಬರಲಿಲ್ಲ. ಒಂದು ತಾಸಿನ ಮೇಲೆ ಬಂತು.

ದುರ್ಗದಬೈಲ್ ಮಾರ್ಕೆಟ್ಟಿನಲ್ಲಿ ಮದುವೆ ಸೀಸನ್ನಿನ ಗದ್ದಲ. ಮೊದಲ ಅಂಗಡಿಯಲ್ಲಿ ಕೆಂಪು ಇತ್ತು, ಅರ್ಧ ಇಂಚು. ಎರಡನೆಯದರಲ್ಲಿ ಅಗಲ ಸರಿ, ಬಣ್ಣ ಗುಲಾಬಿ. "ಲೈಟ್ ಆರಿಸಿದ್ರ ಕೆಂಪ ಕಾಣ್ತೈತ್ರಿ" ಅಂತ ಅಂಗಡಿಯ ಹುಡುಗ ನನ್ನನ್ನು ಒಪ್ಪಿಸಲು ನೋಡಿದ. ಮೂರನೆಯವರು ಹಿರಿಯರು. ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿದರು.

"ಎಷ್ಟ ಮಂದಿ ಹಿಡೀತಾರ್ರಿ ಅಕ್ಕಾರ?"

"ಹಿಡಿಯೂದಿಲ್ರಿ, ಕಟ್ಟೂದು."

"ಬಾಗಲಕ್ಕೋ, ಗಾಡಿಗೋ?"

"ಮಗಳ ತಲೀಗ್ರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸ್ಟೂಲ್ ಹತ್ತಿ ಮೇಲಿನ ಅಟ್ಟದಿಂದ ಒಂದು ಸುರುಳಿ ಇಳಿಸಿದರು. ಕೆಂಪು ಸ್ಯಾಟಿನ್, ಸರಿಯಾಗಿ ಮೂರು ಇಂಚು. ಸಾಹೇಬರ ಮಾತು ನಿಜವಾಯಿತು: ಅಂಗಡಿ ಉದ್ಘಾಟನೆಗೆ ಬಾಗಿಲಿಗೆ ಅಡ್ಡ ಕಟ್ಟುತ್ತಾರಲ್ಲ, ಆ ರಿಬ್ಬನ್ನು! ನನಗೆ ಬೇಕಾದದ್ದು ಒಂದೂವರೆ ಮೀಟರ್. "ಐದ ಮೀಟರಿಗಿಂತ ಕಡಿಮಿ ಕತ್ತರಸೂದಿಲ್ರಿ. ಕತ್ತರಿ ಬೇಕೇನ್ರಿ? ತಾಟು, ದಿಂಬು ಎಲ್ಲಾ ಸೆಟ್ ಐತಿ." ಕತ್ತರಿ ಬೇಡ ಅಂದೆ. ಚಮಕಿ ಇದೆಯಾ ಅಂದೆ. ಒಂದು ಪುಟ್ಟ ಡಬ್ಬಿ ಕೊಟ್ಟು, "ಗೋಂದ ಹಚ್ಚಿ ಉದರಿಸ್ರಿ, ಲಗೂನ ಒಣಗತೈತಿ" ಅಂದರು.

ಒಣಗಲಿಲ್ಲ. ಪ್ರಾಕ್ಟೀಸ್ ಹಾಲಿನ ಮೆಟ್ಟಿಲ ಮೇಲೆ ಕೂತು ನಾನು ಗೋಂದು ಹಚ್ಚಿದೆ, ಮಗಳು ಚಮಕಿ ಉದುರಿಸಿದಳು. ಅರ್ಧ ರಿಬ್ಬನ್ನಿಗೆ, ಅರ್ಧ ನನ್ನ ಸೀರೆಗೆ. ಇನ್ನು ಅದನ್ನು ತಲೆಗೆ ಕಟ್ಟಬೇಕು. ಅವತ್ತೇ ಬೆಳಿಗ್ಗೆ ಅತ್ತೆ, ಊರಿಗೆ ಹೊರಟ ಕೂಸು ಅಂತ ನೆತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಟ್ಟಿದ್ದರು. ಪಿನ್ನು ಹಾಕಿದರೆ ಜಾರುತ್ತದೆ. ಹದಿನಾರು ಪಿನ್ನು ಹಾಕಿದೆ. ಕೋಚ್ ಬಂದು ನೋಡಿದರು. ಉಳಿದ ಮಕ್ಕಳ ತಲೆಯಲ್ಲಿ ಮಿಂಚುವ, ಮೊದಲೇ ಹೊಲಿದ ರಿಬ್ಬನ್ ಬೋಗಳು. ಆ ಅಮ್ಮಂದಿರಿಗೆ ಯಾವಾಗ ಗೊತ್ತಾಯಿತೋ, ಎಲ್ಲಿಂದ ತಂದರೋ! ನಮ್ಮವಳದು ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. "ಮ್ಯಾಡಮ್, ಯೂನಿಫಾರ್ಮಿಟಿ" ಅಂತ ಅಂದು ಕೈ ಮುಗಿದರು. ರಾತ್ರಿ 10.40ಕ್ಕೆ ಹೇಳಿದರೆ ಯೂನಿಫಾರ್ಮಿಟಿ ಎಲ್ಲಿಂದ ಬರಬೇಕು ಸರ್? ಇದನ್ನು ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ರಾತ್ರಿ ರೈಲಿಗೆ ಬೆಂಗಳೂರು. ಇಡೀ ರಾತ್ರಿ ಪ್ರಯಾಣ, ಬೆಳಿಗ್ಗೆ ಐದು ತಾಸು ಕಾಯುವುದು, ಆಮೇಲೆ ಎರಡೂವರೆ ನಿಮಿಷ. ಸ್ಪರ್ಧೆ ಇರುವುದೇ ಅಷ್ಟು ಹೊತ್ತು. ನಾನು ಕೈ ನಡುಗದಂತೆ ವಿಡಿಯೋ ಮಾಡಿದೆ. ಐದು ತಂಡಗಳಲ್ಲಿ ನಮ್ಮದು ನಾಲ್ಕನೆಯದು.

ರೈಲಿನಲ್ಲಿ ವಾಪಸ್ ಬರುವಾಗ ಮಗಳು ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗಿದಳು. ವಿಡಿಯೋ ನೋಡಿದೆ. ಮೇಲಿನ ಹುಡುಗಿ ಚೆನ್ನಾಗಿ ಕಾಣುತ್ತಾಳೆ, ಅವಳ ನಗು ಕಾಣುತ್ತದೆ. ನನ್ನ ಮಗಳ ಮುಖ ಎಲ್ಲೂ ಇಲ್ಲ. ಮುಂದೆ ಇನ್ನೊಬ್ಬಳು ನಿಂತಿದ್ದಾಳೆ. ಅಂಗೈ ನೋಡಿದೆ, ಬೂಟಿನ ಅಂಚು ಒತ್ತಿ ಕೆಂಪಾಗಿತ್ತು. ನಾನು ಆಫೀಸಿನಲ್ಲಿದ್ದಾಗ ಇವಳು ಎಷ್ಟು ಸಂಜೆ ಹೀಗೆ ಇನ್ನೊಬ್ಬಳ ಕಾಲು ಹಿಡಿದು ನಿಂತಿರಬೇಕು ಅನ್ನಿಸಿತು. ಕೇಳಿದರೆ "ಏನೂ ಆಗಲ್ಲ ಮಮ್ಮಿ" ಅನ್ನುತ್ತಾಳೆ.

ಸೋಮವಾರ ಅತ್ತೆಗೆ ವಿಡಿಯೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದರು. ಎಲ್ಲಿದ್ದಾಳೆ ಅಂತ ತೋರಿಸಲು ಬೆರಳು ಮುಂದೆ ಮಾಡಿದೆ. ಅಷ್ಟರಲ್ಲಿ ಅವರೇ, "ಅಕಿನ ನೋಡು, ಸೊಟ್ಟ ರಿಬ್ಬನ್ನಾಕಿ" ಅಂದರು. ಹಿಂದಿನ ಸಾಲಿನಲ್ಲಿ, ಎಲ್ಲರ ಮಿಂಚಿನ ನಡುವೆ, ನಮ್ಮ ಉದ್ಘಾಟನೆ ರಿಬ್ಬನ್ನಿನ ಒಂದು ಕಿವಿ ಅಲ್ಲಾಡುತ್ತಿತ್ತು.

"ಮ್ಯಾಲಿನ ಹುಡುಗಿ ಬಿದ್ದಳೇನು?"

"ಇಲ್ರಿ."

"ಮತ್ತ! ನಮ್ಮಾಕಿ ಹಿಡಕೊಂಡಿದ್ಲು." ಇನ್ನೊಮ್ಮೆ ಹಚ್ಚು ಅಂದರು. ನಾಲ್ಕು ಸಲ ನೋಡಿದರು.

ಮೂರೂವರೆ ಮೀಟರ್ ರಿಬ್ಬನ್ ಇನ್ನೂ ಮನೆಯಲ್ಲಿದೆ. ನಿಮ್ಮ ಪೈಕಿ ಯಾರಾದರೂ ಅಂಗಡಿ ತೆಗೆಯುವವರಿದ್ದರೆ ಹೇಳಿ. ಚಮಕಿ ಫ್ರೀ.