ಐದು ಟ್ರಸ್ಟು, ಐದು ಸೆಟ್ ಝೆರಾಕ್ಸು

ಕಳೆದ ವರ್ಷದ ಆಷಾಢದಲ್ಲಿ, ಮಳೆ ಹಿಡಿದು ಮೂರು ದಿನವಾಗಿದ್ದ ಒಂದು ಬೆಳಿಗ್ಗೆ, ಹೊನ್ನಾವರ ತಾಲೂಕಿನ ಘಟ್ಟದ ಬುಡದ ಹಳ್ಳಿಯೊಂದರಿಂದ ಬಂದ ಮಹಿಳೆಯೊಬ್ಬರು ಕುಮಟೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಎರಡು ಪದರ ಪ್ಲಾಸ್ಟಿಕ್ ಕೊಟ್ಟೆಯೊಳಗಿಂದ ಕಾಗದದ ಕಟ್ಟೊಂದನ್ನು ತೆಗೆದು ನನ್ನೆದುರು ಇಟ್ಟರು. ಗಂಡನ ಹೃದಯದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಕೊಟ್ಟ ಅಂದಾಜು ಪಟ್ಟಿ, ರೇಷನ್ ಕಾರ್ಡು, ಇಬ್ಬರ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಪಂಚಾಯತ ಸದಸ್ಯರ ಶಿಫಾರಸು ಪತ್ರ, ಎರಡು ಫೋಟೋ. ಎಲ್ಲವೂ ಕ್ರಮವಾಗಿ ಪಿನ್ನು ಹೊಡೆದು ಸಿದ್ಧವಾಗಿದ್ದವು. ನಮ್ಮ ಟ್ರಸ್ಟಿಗೆ ಇಂತಿಂಥ ಕಾಗದ ಬೇಕೆಂದು ಯಾರು ಹೇಳಿದರು ಎಂದು ಕೇಳಿದೆ. “ಯಾರೂ ಹೇಳ್ಲಿಲ್ಲ ಮಾಸ್ತರ್ರೇ, ನೀವು ಐದನೆಯವ್ರು. ಎಲ್ಲರೂ ಕೇಳೂದು ಇದನ್ನೇ. ಝೆರಾಕ್ಸು, ಬಸ್ಸು ಅಂತ ಈಗ್ಲೇ ಸಾವ್ರದ ಮೇಲೆ ಹೋಯ್ತು” ಎಂದರು. ದೂರಿನ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕಳೆದ ಎಂಟು ವರ್ಷಗಳಿಂದ ಒಂಬತ್ತು ಜನರ ಒಂದು ಸಣ್ಣ ಟ್ರಸ್ಟಿನ ಕಾರ್ಯದರ್ಶಿ. ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿಯ ಆಸುಪಾಸು ಹಂಚುತ್ತೇವೆ. ಅಂದಿನವರೆಗೆ ನಾವು ಎಷ್ಟು ಕೊಟ್ಟೆವು ಎಂಬುದನ್ನು ಮಾತ್ರ ಲೆಕ್ಕ ಹಾಕುತ್ತಿದ್ದೆ. ನಮ್ಮಿಂದ ಪಡೆಯುವುದಕ್ಕೆ ಅರ್ಜಿದಾರರಿಗೆ ಎಷ್ಟು ಖರ್ಚಾಗುತ್ತದೆ ಎಂಬ ಕಾಲಂ ನಮ್ಮ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆ ಹೆಣ್ಣುಮಗಳಿಗೆ ಕೊನೆಗೆ ಐದೂ ಕಡೆಯಿಂದ ಸೇರಿ ಬಂದದ್ದು ಮೂವತ್ತು ಸಾವಿರ. ಅದಕ್ಕಾಗಿ ಐದು ಸೆಟ್ ಝೆರಾಕ್ಸು, ಹನ್ನೊಂದು ಸಲ ಬಸ್ಸಿನ ಪ್ರಯಾಣ, ಅಷ್ಟೂ ದಿನಗಳ ಕೂಲಿಯ ನಷ್ಟ. ಅದರ ಮೇಲೆ ಐದರಲ್ಲಿ ಮೂರು ಸಂಸ್ಥೆಗಳು ಚೆಕ್ಕನ್ನು ಕಾರ್ಯಕ್ರಮದಲ್ಲಿಯೇ ಹಸ್ತಾಂತರಿಸುವ ಪದ್ಧತಿಯವಾದ್ದರಿಂದ ಮೂರು ವೇದಿಕೆ, ಮೂರು ಫೋಟೋ. ಆ ಮೂರರಲ್ಲಿ ಒಂದು ನಮ್ಮದು ಎಂಬುದನ್ನು ಮುಚ್ಚಿಡಲಾರೆ.

ಇದಕ್ಕಿಂತ ನಾಚಿಕೆಯ ಸಂಗತಿ ಆಮೇಲೆ ತಿಳಿಯಿತು. ಅವರದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ತುರ್ತು ಸಂದರ್ಭವಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಅವರ ಕಟ್ಟಿನಲ್ಲಿ ಇಲ್ಲದೇ ಇದ್ದದ್ದು ಆ ಒಂದು ಪತ್ರ. ಐದೂ ಕಡೆ ಅರ್ಜಿಯ ಮೇಲೆ ಷರಾ ಬರೆದೆವು, ಮೊತ್ತ ನಮೂದಿಸಿದೆವು, ಸಭೆಯ ನಡಾವಳಿಯಲ್ಲಿ ಮಂಜೂರು ಮಾಡಿದೆವು. ಪತ್ರ ಎಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಅದನ್ನು ಹೇಳಿಕೊಟ್ಟವರು ಆಸ್ಪತ್ರೆಯ ಕೌಂಟರಿನ ಆಚೆ ಕುಳಿತಿದ್ದ ಒಬ್ಬ ಹುಡುಗಿ. ಶಸ್ತ್ರಚಿಕಿತ್ಸೆ ಯೋಜನೆಯಲ್ಲಿಯೇ ಆಯಿತು. ನಮ್ಮೆಲ್ಲರ ಮೂವತ್ತು ಸಾವಿರ ಪ್ರಯಾಣಕ್ಕೆ, ಜೊತೆಗಿದ್ದವರ ಊಟ-ವಸತಿಗೆ, ಆಮೇಲಿನ ಔಷಧಕ್ಕೆ ಒದಗಿತು. ನನ್ನನ್ನು ಕೇಳಿದರೆ, ಸಣ್ಣ ಟ್ರಸ್ಟುಗಳ ದುಡ್ಡು ಸಲ್ಲಬೇಕಾದ ಸರಿಯಾದ ಜಾಗ ಅದುವೇ. ಕಾರವಾರದವರು ಗೋವಾದ ಬಾಂಬೋಲಿ ಆಸ್ಪತ್ರೆಗೆ, ನಾವು ಮಣಿಪಾಲ-ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಓಡುವ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಯಿಲೆಗಿಂತ ಮೊದಲು ಮನೆಯನ್ನು ಹಣ್ಣು ಮಾಡುವುದು ದಾರಿಯ ಖರ್ಚು.

ನಮ್ಮ ಜಿಲ್ಲೆಯಲ್ಲಿ ಕೊಡುವವರಿಗೇನೂ ಬರ ಇಲ್ಲ. ಶಿಕ್ಷಣ ಟ್ರಸ್ಟುಗಳು, ಲಾಭದಲ್ಲಿ ಒಂದಿಷ್ಟನ್ನು ಧರ್ಮಕಾರ್ಯಕ್ಕೆ ತೆಗೆದಿಡುವ ಸಹಕಾರಿ ಸಂಘಗಳು, ಮಠ-ದೇವಸ್ಥಾನಗಳು, ಒಂದೊಂದು ಸಮಾಜದ ವಿದ್ಯಾರ್ಥಿ ನಿಧಿಗಳು, ರೋಟರಿ-ಲಯನ್ಸ್, ಮುಂಬೈ ಬೆಂಗಳೂರುಗಳಲ್ಲಿ ನೆಲೆಸಿದ ನಮ್ಮೂರಿನವರ ಸಂಘಗಳು, ಕೊಲ್ಲಿ ದೇಶಗಳಿಂದ ಭಟ್ಕಳಕ್ಕೆ ಬರುವ ನೆರವು, ಸಹಾಯಾರ್ಥ ಯಕ್ಷಗಾನ, ಇವುಗಳ ಜೊತೆಗೆ ಕಂಪನಿಗಳು ಸಾಮಾಜಿಕ ಹೊಣೆಯೆಂದು ತೆಗೆದಿಡುವ ಸಿಎಸ್‌ಆರ್ ಹಣ. ಹನ್ನೆರಡು ತಾಲೂಕುಗಳಲ್ಲಿ ಹರಡಿದ ಇಷ್ಟೂ ಜನರಲ್ಲಿ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯುವುದು ಮರುದಿನದ ಪತ್ರಿಕೆಯ ಫೋಟೋದಿಂದ. ಅದೂ ಆ ತಾಲೂಕಿನ ಪುಟ ಓದಿದರೆ.

ಎರಡು ವರ್ಷಗಳ ಹಿಂದೆ ನೋಟ್‌ಬುಕ್ ಹಂಚಲೆಂದು ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆವು. ಅಲ್ಲಿನ ಅಕ್ಕೋರು ನಮ್ಮ ಕಟ್ಟುಗಳನ್ನು ಇಡಲು ಕಪಾಟಿನ ಬಾಗಿಲು ತೆರೆದಾಗ ಒಳಗೆ ಆಗಲೇ ಎರಡು ಬಗೆಯ ನೋಟ್‌ಬುಕ್ಕುಗಳು ಚಾವಣಿಯವರೆಗೆ ಪೇರಿಸಿದ್ದವು. ಒಂದರ ರಕ್ಷಾಪುಟದಲ್ಲಿ ದಾನಿಗಳ ತೀರ್ಥರೂಪರ ಚಿತ್ರ, ಇನ್ನೊಂದರಲ್ಲಿ ಸಂಸ್ಥೆಯ ಲಾಂಛನ. ನಮ್ಮದು ಮೂರನೆಯದು, ನಮ್ಮ ಸ್ಥಾಪಕರ ಚಿತ್ರದೊಂದಿಗೆ. ಶಾಲೆಯಲ್ಲಿ ನಲವತ್ತೊಂದು ಮಕ್ಕಳು. ಅಕ್ಕೋರು ಸಂಕೋಚದಿಂದ, ಬಾವಿಯ ಪಂಪು ಸುಟ್ಟು ಎರಡು ತಿಂಗಳಾಯಿತೆಂದೂ, ಶೌಚಾಲಯಕ್ಕೆ ಮಕ್ಕಳೇ ಕೊಡಪಾನದಲ್ಲಿ ನೀರು ಹೊರುತ್ತಾರೆಂದೂ ಹೇಳಿದರು. ಪಂಪಿನ ರಿಪೇರಿಗೆ ಬೇಕಾದದ್ದು ನಮ್ಮ ನೋಟ್‌ಬುಕ್ಕಿನ ಬಿಲ್ಲಿಗಿಂತ ಕಡಿಮೆ. ಆದರೆ ಪಂಪಿನ ಮೇಲೆ ಸ್ಥಾಪಕರ ಚಿತ್ರ ಹಾಕಲಾಗುವುದಿಲ್ಲ. ಹಾಕಿದರೂ ಬಾವಿಯೊಳಗೆ ಇಣುಕಿ ನೋಡುವವರು ಯಾರು?

ಪರಸ್ಪರ ಕೂಡಿ ಮಾಡುವುದು ನಮಗೆ ಗೊತ್ತಿಲ್ಲದ ವಿದ್ಯೆಯಾಗಿದ್ದರೆ ಈ ಮಾತು ಬೇರೆ. ಘಟ್ಟದ ಮೇಲೆ ತೋಟದ ಕೆಲಸಕ್ಕೆ, ಒಬ್ಬರಿಗೊಬ್ಬರು ಸರದಿಯಲ್ಲಿ ಆಳಾಗಿ ದುಡಿಯುವ ಮುರಿಯಾಳು ಇತ್ತು. ಅಡಿಕೆ ಬೆಳೆಗಾರರು ದಲ್ಲಾಳಿಗಳ ಕೈಯಿಂದ ಬಿಡಿಸಿಕೊಳ್ಳಲು 1923ರಲ್ಲಿಯೇ ಶಿರಸಿಯಲ್ಲಿ ಟಿಎಸ್‌ಎಸ್ ಎಂಬ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಮಾರುವಾಗ ಒಟ್ಟಾಗಲು ನೂರು ವರ್ಷಗಳ ಹಿಂದೆಯೇ ಕಲಿತ ನಾವು ಕೊಡುವಾಗ ಮಾತ್ರ ಇನ್ನೂ ಒಬ್ಬೊಬ್ಬರೇ. ನಾನು ಹೇಳುವ ವ್ಯವಸ್ಥೆಯ ನಕ್ಷೆಯೂ ಶಿರಸಿಯ ಆ ಅಡಿಕೆ ಯಾರ್ಡಿನಲ್ಲಿಯೇ ಇದೆ. ಅಲ್ಲಿ ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳಲ್ಲಿ ಬೇರೆ ಬೇರೆ ಬೆಳೆಗಾರರ ಲಾಟುಗಳು ಒಂದೇ ಮಾಡಿನ ಕೆಳಗೆ ಸಾಲಾಗಿ ಕೂರುತ್ತವೆ. ಪ್ರತಿ ಲಾಟಿಗೂ ನಂಬರು. ವ್ಯಾಪಾರಸ್ಥರು ಒಂದೊಂದೇ ಲಾಟಿನ ಮುಂದೆ ಬಗ್ಗಿ, ಅಡಿಕೆಯನ್ನು ಕೈಯಲ್ಲಿ ಹಿಡಿದು, ಒಡೆದು ನೋಡಿ, ತಮ್ಮ ತಮ್ಮ ದರವನ್ನು ಟೆಂಡರಿನಲ್ಲಿ ಬರೆಯುತ್ತಾರೆ. ಯಾವ ಅಡಿಕೆ ಬಂದಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಯಾವುದಕ್ಕೆ ಎಷ್ಟು ಎಂಬುದನ್ನು ಪ್ರತಿಯೊಬ್ಬರೂ ತಾವೇ ತೀರ್ಮಾನಿಸುತ್ತಾರೆ. ಬೆಳೆಗಾರ ಒಂದೊಂದೇ ಅಂಗಡಿಗೆ ಮೂಟೆ ಹೊತ್ತು ತಿರುಗುವ ಪ್ರಮೇಯ ಬರುವುದಿಲ್ಲ. ಅರ್ಜಿಗಳೂ ಹಾಗೆಯೇ ಒಂದು ಕಡೆ ಬರಲಿ, ಒಂದೇ ನಮೂನೆಯಲ್ಲಿರಲಿ, ತಿಂಗಳಿಗೊಮ್ಮೆ ಎಲ್ಲ ಟ್ರಸ್ಟಿನವರೂ ಒಂದು ಸಂಜೆ ಕೂತು ನೋಡಲಿ, ಹಣ ಅವರವರ ಖಜಾನೆಯಲ್ಲಿಯೇ ಇರಲಿ ಎಂಬುದಷ್ಟೇ ನನ್ನ ಬೇಡಿಕೆ.

ಖಜಾನೆ ಬೇರೆಯಿರಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣಗಳಿವೆ. ಈ ಮಾತೆತ್ತಿದ ಕೂಡಲೇ ಉತ್ಸಾಹಿಗಳು ಮೊದಲು ಹೇಳುವುದು, ಎಲ್ಲರೂ ಸೇರಿ ಒಂದು ದೊಡ್ಡ ಜಿಲ್ಲಾ ಟ್ರಸ್ಟು ಮಾಡೋಣ ಎಂದು. ಆ ಮಾದರಿಗೆ ಒಂದು ಇತಿಹಾಸವೇ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1914ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಮುಖ್ಯಸ್ಥ, ಊರಿನ ಚಿಕ್ಕಪುಟ್ಟ ದತ್ತಿಗಳನ್ನೆಲ್ಲ ಒಂದೇ ಪ್ರತಿಷ್ಠಾನಕ್ಕೆ ತಂದು, ಅವುಗಳ ವಿನಿಯೋಗವನ್ನು ಊರಿನವರ ಸಮಿತಿಯೊಂದಕ್ಕೆ ಬಿಟ್ಟುಕೊಟ್ಟ. ಅದನ್ನು ನೋಡಿ ಬೇರೆ ನಗರಗಳೂ ಹಾಗೆಯೇ ಮಾಡಿದವು. ನಮ್ಮಲ್ಲಿ ಅದಕ್ಕೆ ಮೊದಲ ತೊಡಕು ತೆರಿಗೆಯದು. ನೋಂದಾಯಿತ ಟ್ರಸ್ಟು ತನ್ನ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕು ಎಂಬುದು ಹಳೆಯ ನಿಯಮ. ಮಾರ್ಚ್ ತಿಂಗಳಲ್ಲಿ ನಮ್ಮಂಥವರು ದಡಬಡ ಎಂದು ನೋಟ್‌ಬುಕ್ ಖರೀದಿಗೆ ಇಳಿಯುವುದರ ಒಂದು ಗುಟ್ಟೂ ಇದೇ. 2023ರ ಹಣಕಾಸು ಕಾಯ್ದೆ ಬಂದಮೇಲೆ, ಒಂದು ಟ್ರಸ್ಟು ಇನ್ನೊಂದು ಟ್ರಸ್ಟಿಗೆ 1 ಲಕ್ಷ ಕೊಟ್ಟರೆ ಬಳಕೆಯ ಲೆಕ್ಕಕ್ಕೆ ಸಿಗುವುದು 85 ಸಾವಿರ ಮಾತ್ರ. ಅಂದರೆ ನಡುವೆ ಒಂದು ಹೊಸ ಟ್ರಸ್ಟು ಇಟ್ಟುಕೊಂಡು ಹಣ ಹಾಯಿಸಿದರೆ ನಮ್ಮ ಪುಸ್ತಕದಲ್ಲಿ ನೂರಕ್ಕೆ ಹದಿನೈದು ಜಾರುತ್ತದೆ. ಅದರ ಬದಲು ಮೂವರು ಸೇರಿ ಒಂದೇ ಆಸ್ಪತ್ರೆಗೋ ಒಂದೇ ಕಾಲೇಜಿಗೋ ಮೂರು ಚೆಕ್ಕು ನೇರವಾಗಿ ಕಳಿಸಿದರೆ ಈ ತಾಪತ್ರಯವೇ ಇಲ್ಲ. ಕಂಪನಿಗಳಿಗಂತೂ ಕಾನೂನೇ ದಾರಿ ಮಾಡಿಕೊಟ್ಟಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ತಾವಿರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಪ್ರತ್ಯೇಕವಾಗಿ ವರದಿ ಕೊಡಲು ಸಾಧ್ಯವಾಗುವ ಹಾಗಿದ್ದರೆ ಬೇರೆ ಕಂಪನಿಗಳ ಜೊತೆ ಕೂಡಿಯೂ ಮಾಡಬಹುದು. ಕೂಡಿ ಮಾಡಿದ್ದನ್ನು ನಾನು ಇಲ್ಲಿ ಕಂಡದ್ದು ಕಡಿಮೆ.

ಎರಡನೆಯ ಕಾರಣ ನನಗೆ ಇದಕ್ಕಿಂತ ಮುಖ್ಯವಾದದ್ದು. ಎಲ್ಲ ಹಣವೂ ಒಂದೇ ಸಮಿತಿಯ ಕೈಗೆ ಹೋದರೆ, ಆ ಸಮಿತಿ ಒಮ್ಮೆ ಇಲ್ಲವೆಂದರೆ ಅರ್ಜಿದಾರನಿಗೆ ಜಿಲ್ಲೆಯ ಎಲ್ಲ ಬಾಗಿಲುಗಳೂ ಒಟ್ಟಿಗೇ ಮುಚ್ಚಿದಂತೆ. ಈಗಿನ ಅಸ್ತವ್ಯಸ್ತ ವ್ಯವಸ್ಥೆಯಲ್ಲಿ, ನಮ್ಮಲ್ಲಿ ಒಬ್ಬ ಟ್ರಸ್ಟಿಯ ಮೂಗಿನ ತುದಿಯ ಸಿಟ್ಟಿಗೆ ಬಿದ್ದುಹೋದ ಅರ್ಜಿ ಪಕ್ಕದ ತಾಲೂಕಿನಲ್ಲಿ ಮಂಜೂರಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಎರಡನೆಯ ಬಾಗಿಲು ಉಳಿಯಬೇಕು. ಹಾಗಾಗಿ ಸಂಜೆಯ ಸಭೆಯಲ್ಲಿ ಅರ್ಜಿ ಎಲ್ಲರೂ ನೋಡಲಿ, ಆದರೆ ಯಾರು ಏಕೆ ನಿರಾಕರಿಸಿದರು ಎಂಬುದನ್ನು ಅರ್ಜಿಯ ಮೇಲೆ ಬರೆಯುವುದು ಬೇಡ.

ಹೆಸರಿನ ಪ್ರಶ್ನೆಯನ್ನು ಲೇವಡಿ ಮಾಡುವುದು ಸುಲಭ. ನಾನೂ ಮೇಲೆ ಮಾಡಿದೆ. ಆದರೆ ತಂದೆಯ ಹೆಸರಿನಲ್ಲಿ ದತ್ತಿ ಇಟ್ಟ ಮಗಳಿಗೆ ಆ ಹೆಸರು ಚೆಕ್ಕಿನ ಮೇಲೆ ಕಾಣಬೇಕೆಂಬ ಆಸೆ ತಪ್ಪಲ್ಲ. ಆ ಆಸೆಯಿಂದಲೇ ನಮ್ಮ ನಿಧಿಯ ಅರ್ಧ ಭಾಗ ಬಂದಿದೆ. ಚೆಕ್ಕಿನ ಮೇಲೆ ಹೆಸರಿರಲಿ, ವಾರ್ಷಿಕ ವರದಿಯಲ್ಲಿ ಇರಲಿ. ರೋಗಿಯ ಹೆಂಡತಿಯನ್ನು ಶಾಲು-ಹಾರಗಳ ನಡುವೆ ನಿಲ್ಲಿಸುವುದೊಂದು ಬೇಡ. ನಮ್ಮ ಟ್ರಸ್ಟಿನಲ್ಲಿ ಅದನ್ನು ಈ ವರ್ಷದಿಂದ ಬಿಟ್ಟಿದ್ದೇವೆ. ಒಬ್ಬರು ಟ್ರಸ್ಟಿಗಳು ಬೇಸರಿಸಿಕೊಂಡು ಎರಡು ಸಭೆಗೆ ಬರಲಿಲ್ಲ, ಮೂರನೆಯದಕ್ಕೆ ಬಂದರು.

ಒಬ್ಬರ ಕಣ್ಣಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ ಎಂಬುದು ನನಗೆ ಮನವರಿಕೆಯಾದದ್ದು 2019ರ ಆಗಸ್ಟಿನ ನೆರೆಯಲ್ಲಿ. ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದವು. ನಾವು ಅಕ್ಕಿ, ಬೇಳೆ, ಹೊದಿಕೆಗಳ ಕಿಟ್ಟು ಕಟ್ಟಿಕೊಂಡು ಟೆಂಪೋದಲ್ಲಿ ಅಂಕೋಲೆಯ ಕಡೆಗೆ ಹೊರಟೆವು. ಹೆದ್ದಾರಿಗೆ ಹತ್ತಿರದ ಗಂಜಿ ಕೇಂದ್ರದ ಎದುರು ಆಗಲೇ ನಾಲ್ಕು ಬ್ಯಾನರು ಕಟ್ಟಿದ ವಾಹನಗಳು. ಹೊದಿಕೆಗಳು ಎಷ್ಟು ಬಂದಿದ್ದವೆಂದರೆ ಕೆಲವನ್ನು ಮಡಿಸಿ ಬಾಗಿಲಿಗೆ ಕಾಲೊರಸಲು ಹಾಕಿದ್ದರು. ಅಲ್ಲಿದ್ದ ಅಜ್ಜಿಯೊಬ್ಬರು, “ಕಂಬಳಿ ಸಾಕು ಮಾರಾಯಾ, ಪಾತ್ರೆ ಇದ್ರೆ ಕೊಡಿ, ಎಲ್ಲಾ ಹೊಳೆ ಪಾಲಾಯ್ತು” ಎಂದರು. ಐದೂ ವಾಹನಗಳಲ್ಲಿ ಒಂದು ಚೊಂಬೂ ಇರಲಿಲ್ಲ. ಹೊರಡುವ ಮುಂಚೆ ಐದು ಫೋನು ಮಾಡಿದ್ದರೆ ಒಬ್ಬರು ಪಾತ್ರೆ, ಒಬ್ಬರು ಬಾವಿ ಶುದ್ಧೀಕರಣ, ಒಬ್ಬರು ಮಕ್ಕಳ ಪುಸ್ತಕ ಎಂದು ಹಂಚಿಕೊಳ್ಳಬಹುದಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದಾಗ, ಗಂಗಾವಳಿಯ ಆಚೆ ದಡದ ಉಳುವರೆಯಲ್ಲಿಯೂ ನೀರಿನ ಅಲೆ ಅಪ್ಪಳಿಸಿ ಮನೆಗಳು ಹೋದವು. ಎಲ್ಲರ ಕ್ಯಾಮೆರಾ ಈಚೆ ದಡದಲ್ಲಿತ್ತು. ಕ್ಯಾಮೆರಾ ಹೋದ ಕಡೆಗೇ ನೆರವೂ ಹೋಗುತ್ತದೆ ಎಂಬುದು ನಮ್ಮ ಅನುಭವ, ಮತ್ತು ನಮ್ಮದೇ ಅಪರಾಧ.

ಸ್ಥಳೀಯವಾಗಿ ಕೂಡಿ ಮಾಡಿದ್ದು ಫಲಿಸಿದ ನಿದರ್ಶನ ನಮ್ಮ ನೆಲದಲ್ಲಿಯೇ ಇದೆ. ಚುಟುಕಗಳಿಗೆ ಹೆಸರಾದ ದಿನಕರ ದೇಸಾಯಿಯವರು ಮುಂಬೈಯಲ್ಲಿ ಕಾರ್ಮಿಕರ ನಡುವೆ ದುಡಿಯುತ್ತಿದ್ದುಕೊಂಡೇ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿದರು. ಹೈಸ್ಕೂಲೇ ಇಲ್ಲದ ಹಳ್ಳಿಗಳಿಗೆ ಹೈಸ್ಕೂಲು ತಂದರು. ಒಂದು ಹಳ್ಳಿಗೆ ಸಂಬಳ, ಕಟ್ಟಡ, ಬೆಂಚು ಎಂದು ವರ್ಷವರ್ಷವೂ ಬೇಕಾಗುವ ಹಣವನ್ನು ಬಿಡಿ ದಾನಿಗಳು ಕೊಡಲಾರರು; ಕೊಟ್ಟರೂ ಉದ್ಘಾಟನೆಯ ಮರುವರ್ಷ ಕೈಬಿಡುತ್ತಾರೆ. ಸೇರಿ ಹೊತ್ತರೆ ಮಾತ್ರ ಅಂಥ ಭಾರ ಹೊರಬಹುದು. ನಾವು ಹತ್ತು ಟ್ರಸ್ಟುಗಳು ಒಂದೊಂದು ಮಗುವಿಗೆ ಎರಡು ಸಾವಿರ ಕೊಡುವ ಬದಲು, ನಾಲ್ವರು ಸೇರಿ ಜೋಯಿಡಾದ ಒಬ್ಬ ಹುಡುಗಿಯ ನರ್ಸಿಂಗ್ ಓದನ್ನು ನಾಲ್ಕು ವರ್ಷ ಹೊರುವುದು ಮೇಲು ಎಂದು ನನ್ನ ಅಭಿಪ್ರಾಯ. ಸಂಖ್ಯೆ ಕಡಿಮೆಯಾಗುತ್ತದೆ, ವರದಿಯಲ್ಲಿ ಫಲಾನುಭವಿಗಳ ಪಟ್ಟಿ ಚಿಕ್ಕದಾಗುತ್ತದೆ. ಆಗಲಿ.

ಕಳೆದ ನಾಲ್ಕು ತಿಂಗಳಿಂದ ಕುಮಟೆ, ಹೊನ್ನಾವರ, ಶಿರಸಿಗಳ ಆರು ಸಂಸ್ಥೆಯವರು ತಿಂಗಳಿಗೊಂದು ಸಂಜೆ ಸೇರುತ್ತಿದ್ದೇವೆ. ಚಹಾ, ಅವಲಕ್ಕಿ, ಒಂದು ರಿಜಿಸ್ಟರು. ಇಷ್ಟರಲ್ಲಿಯೇ ಒಂದೇ ಮನೆಗೆ ಮೂರು ಕಡೆಯಿಂದ ವಿದ್ಯಾರ್ಥಿವೇತನ ಹೋಗುತ್ತಿದ್ದ ಎರಡು ಪ್ರಕರಣಗಳು ಕಂಡವು. ಯಾರನ್ನೂ ದೂಷಿಸಲಿಲ್ಲ, ಮೂರನ್ನೂ ಸೇರಿಸಿ ಆಯಾ ಮನೆಯ ವಿದ್ಯಾರ್ಥಿಯ ಹಾಸ್ಟೆಲ್ ಶುಲ್ಕ ಎಂದು ಬರೆದುಕೊಂಡೆವು. ರಿಜಿಸ್ಟರನ್ನು ಯಾರೂ ಫೋಟೋ ತೆಗೆಯಬಾರದು, ವಾಟ್ಸ್‌ಆ್ಯಪಿಗೆ ಹಾಕಬಾರದು ಎಂಬ ನಿಯಮವನ್ನು ಮೊದಲ ದಿನವೇ ಮಾಡಿದ್ದೇವೆ, ಏಕೆಂದರೆ ಅದರಲ್ಲಿ ಇರುವುದು ಜನರ ಕಾಯಿಲೆ ಮತ್ತು ಸಾಲ.

ಒಂದೇ ಅರ್ಜಿ ನಮೂನೆಯ ಕರಡು ಎರಡು ಪುಟಕ್ಕೆ ಬಂದು ನಿಂತಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇದೆಯೇ ಎಂಬ ಪ್ರಶ್ನೆ ಅದರ ಮೂರನೆಯ ಸಾಲು. ಝೆರಾಕ್ಸು ಒಂದೇ ಸೆಟ್ಟು. ಒಪ್ಪಿಗೆಯಾಗದೇ ಉಳಿದದ್ದು ಒಂದು ಕಾಲಂ: ಜಾತಿ. ಆರರಲ್ಲಿ ಎರಡು ಸಂಸ್ಥೆಗಳ ನಿಧಿ ತಮ್ಮ ಸಮಾಜದ ಮಕ್ಕಳಿಗೆಂದೇ ದಾನಿಗಳು ಬರೆದಿಟ್ಟದ್ದು, ಆ ಮಾತನ್ನು ಮೀರಲು ಅವರಿಗೆ ಅಧಿಕಾರವಿಲ್ಲ; ಉಳಿದ ನಾಲ್ವರಿಗೆ ಆ ಕಾಲಂ ನಮೂನೆಯಲ್ಲಿ ಕಾಣುವುದೇ ಬೇಡ. ಎರಡು ಸಂಜೆ ಅದರ ಮೇಲೆಯೇ ಕಳೆದವು. ಈಗ ಅದನ್ನು ಬೇರೆ ಚೀಟಿಯಲ್ಲಿ, ಬೇಕಾದವರು ಮಾತ್ರ ಕೇಳಿಕೊಳ್ಳಲಿ ಎಂಬ ಸಲಹೆ ಬಂದಿದೆ. ಮುಂದಿನ ಸಭೆ ಶಿರಸಿಯಲ್ಲಿ, ತಿಂಗಳ ಎರಡನೇ ಶನಿವಾರ. ಕಾರವಾರ, ಭಟ್ಕಳ, ಮುಂಡಗೋಡಗಳ ಕಡೆಯ ಟ್ರಸ್ಟಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅರ್ಜಿ ನಮೂನೆಯ ಒಂದು ಪ್ರತಿ ಹಿಡಿದುಕೊಂಡು ಬನ್ನಿ.