ಕುಸುಬೆ, ಕಸ್ತೂರಿ ಮತ್ತು ಒಂದು ಅಂತಃಪುರ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಕೊಲೆಗೆ ಒದಗುವ ಸಾಮಾನು ಎಷ್ಟೊಂದಿದೆ ಎಂದು ನನಗೆ ತಿಳಿದದ್ದು ಕಳೆದ ಮಳೆಗಾಲದಲ್ಲಿ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಅತ್ತೆ ಎರಡು ತಿಂಗಳು ಮನೆಯಲ್ಲೇ ಕೂರಬೇಕಾಯಿತು. ನಮ್ಮ ಧಾರಾವಾಹಿಗಳ ಅತ್ತೆಯಂದಿರನ್ನು ನೋಡಿ ಅವರಿಗೆ ಸಾಕಾಗಿತ್ತು. ಬೇರೆ ಊರಿನ ಅತ್ತೆಯಂದಿರು ಯಾರಾದರೂ ಇದ್ದರೆ ತೋರಿಸು ಎಂದರು. ಹಾಗೆ ನಮ್ಮ ಮನೆಯನ್ನು ಹೊಕ್ಕಿದ್ದು ಚೀನಾದ 'ಝೆನ್ ಹುವಾನ್ ಝುವಾನ್'. 2011ರದು. 76 ಕಂತು, ಒಂದೊಂದೂ ಮುಕ್ಕಾಲು ಗಂಟೆ. ಅವರು ಚೀನೀ ಭಾಷೆಯಲ್ಲಿ ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ, ನಾನು ಅದನ್ನು ಹಿಂದೆಯೇ ಓಡಿ ಹಿಡಿದು ಕನ್ನಡದಲ್ಲಿ ಹೇಳಬೇಕು. ಇದನ್ನೇ 2015ರಲ್ಲಿ ಅಮೆರಿಕದವರಿಗಾಗಿ ಒಂದೂವರೆ ಗಂಟೆಯ ಆರು ಕಂತುಗಳಿಗೆ ಇಳಿಸಿದ್ದರು ಎಂದು ಹೇಳಿ, ಅದನ್ನೇ ನೋಡೋಣವೇ ಎಂದು ಆಸೆಯಿಂದ ಕೇಳಿದೆ. ದೊಡ್ಡಾಟಕ್ಕೆ ಹೋಗಿ ಗಣಪತಿ ಸ್ತುತಿ, ಮಂಗಳಾರತಿ ಎರಡನ್ನೇ ನೋಡಿ ಬಂದವರುಂಟೇ ಎಂದು ಅತ್ತೆ ಬಾಯಿ ಮುಚ್ಚಿಸಿದರು.

ಹೆಸರುಗಳು ಅವರ ನಾಲಿಗೆಗೆ ಹತ್ತಲಿಲ್ಲ. ನಾಯಕಿ ಝೆನ್ ಹುವಾನ್ 'ನಮ್ಮ ಹುಡುಗಿ' ಆದಳು. ರಾಜನ ಮೆಚ್ಚಿನ ರಾಣಿ ಹುವಾ ಫೇಯ್ 'ದರ್ಪದವಳು'. ಚಕ್ರವರ್ತಿ ಯೋಂಗ್‌ಝೆಂಗ್ 'ಗಂಟುಮೋರೆ'. ಸದಾ ಮೆಲ್ಲಗೆ ನಗುತ್ತಾ ಎಲ್ಲರ ಆರೋಗ್ಯ ವಿಚಾರಿಸುವ ಪಟ್ಟದರಸಿಗೆ ಮಾತ್ರ ಅತ್ತೆ ಹೆಸರನ್ನೇ ಇಡಲಿಲ್ಲ. ಮೂರನೆಯ ದಿನವೇ, ಇವಳ ಮೇಲೊಂದು ಕಣ್ಣಿಟ್ಟಿರು ಎಂದರು. ಅವರ ಅನುಮಾನ ನಿಜವೆಂದು ಗೊತ್ತಾಗಲು ನನಗೆ ಐವತ್ತು ಗಂಟೆ ಹಿಡಿಯಿತು.

ಕತೆ ಶುರುವಾಗುವುದು ಹೆಣ್ಣು ನೋಡುವ ಶಾಸ್ತ್ರದಿಂದ. ಆದರೆ ಇಲ್ಲಿ ನೋಡುವವನು ಒಬ್ಬ, ನೋಡಿಸಿಕೊಳ್ಳುವವರು ಸಾಲು ಸಾಲು. ಆಗ ಚೀನಾವನ್ನು ಆಳುತ್ತಿದ್ದ ಮಂಚೂ ಜನರ ದಂಡಿನ ಮನೆತನಗಳ ಹೆಣ್ಣುಮಕ್ಕಳು ಮೂರು ವರ್ಷಕ್ಕೊಮ್ಮೆ ಅರಮನೆಗೆ ಹೋಗಿ ನಿಲ್ಲಬೇಕು. ಒಪ್ಪಿಗೆಯಾದವಳಿಗೆ ಪರಿಮಳದ ಚೀಲ, ಆಗದವಳಿಗೆ ಹೂವು. ನಮ್ಮ ಹುಡುಗಿ ತನಗೆ ಹೂವೇ ಸಿಗಲಿ ಎಂದು ಹರಕೆ ಹೊತ್ತು ಬಂದವಳು. ಸಾಲಿನಲ್ಲಿ ಆನ್ ಲಿಂಗ್‌ರೋಂಗ್ ಎಂಬ ಬಡ ಅಧಿಕಾರಿಯ ಮಗಳು ಯಾರದೋ ಬಟ್ಟೆಗೆ ಚಹಾ ಚೆಲ್ಲಿ ಬೈಸಿಕೊಳ್ಳುತ್ತಿರುತ್ತಾಳೆ. ನಮ್ಮ ಹುಡುಗಿ ಅವಳನ್ನು ಬಿಡಿಸಿ, ಪಕ್ಕದ ಗಿಡದಿಂದ ಒಂದು ಹೂವು ಕಿತ್ತು ಅವಳ ಮುಡಿಗೆ ಸಿಕ್ಕಿಸುತ್ತಾಳೆ. ಒಳಗೆ ಆ ಬಡ ಹುಡುಗಿ ಬೇಡವೆನಿಸಿಕೊಂಡು ಹೊರಡುವ ಹೊತ್ತಿಗೆ ಎಲ್ಲಿಂದಲೋ ಬಂದ ಚಿಟ್ಟೆ ಆ ಹೂವಿನ ಮೇಲೆ ಕೂರುತ್ತದೆ. ಗಂಟುಮೋರೆ ತಲೆ ಎತ್ತಿ ನೋಡುತ್ತಾನೆ. ಆಯ್ತು, ಇರಲಿ ಇವಳು. ಮುಂದೆ ಇದೇ ಲಿಂಗ್‌ರೋಂಗ್ ನಮ್ಮ ಹುಡುಗಿಗೆ ಕೊಡುವ ಕಾಟ ನೆನೆದರೆ, ಒಂದು ಹೂವು ಎಂಥ ದುಬಾರಿ ವಸ್ತು ಎನ್ನಿಸುತ್ತದೆ.

ಒಳಗೆ ಹೋದ ಮೇಲೆ ಏಣಿ. ಕೆಳಗಿನ ಮೆಟ್ಟಿಲಿನಿಂದ ಪಟ್ಟದರಸಿಯವರೆಗೆ ಎಂಟು ದರ್ಜೆ. ದರ್ಜೆಗೆ ತಕ್ಕ ಸಂಬಳ, ಬಟ್ಟೆ, ಇದ್ದಿಲು, ಆಳು. ನಮ್ಮವರು ಸರ್ಕಾರಿ ನೌಕರಿಯವರು. ಊಟಕ್ಕೆ ಕೂತಾಗ ಕಣ್ಣು ಹಾಯಿಸಿದವರು ಬಡ್ತಿಯ ಈ ಲೆಕ್ಕ ಕಂಡು ನಮ್ಮ ಜೊತೆಗೇ ಕೂತುಬಿಟ್ಟರು. ರಾತ್ರಿಯೂಟದ ಹೊತ್ತಿಗೆ ತುದಿಗೆ ಹಸಿರು ಬಳಿದ ಹೆಸರುಪಟ್ಟಿಗಳು ತಟ್ಟೆಯಲ್ಲಿ ರಾಜನ ಮುಂದೆ ಬರುತ್ತವೆ. ಅವನು ಯಾವುದನ್ನು ಮಗುಚಿದನೋ ಆ ರಾತ್ರಿಗೆ ಅವಳು. ಕಾಯಿಲೆ ಬಿದ್ದವಳ ಪಟ್ಟಿ ತಟ್ಟೆಗೇ ಬರುವುದಿಲ್ಲ. ಮಸಾಲೆದೋಸೆಯಾದರೂ ಮನುಷ್ಯ ಬಾಯಿಬಿಟ್ಟು ಹೇಳಿ ತರಿಸಿಕೊಳ್ಳುತ್ತಾನಲ್ಲ ಎಂದರು ಅತ್ತೆ.

ನನ್ನ ಕಣ್ಣು ಹೆಚ್ಚಾಗಿ ಇರುತ್ತಿದ್ದುದು ಚಹಾ ಬಟ್ಟಲಿನ ಮೇಲೆ. ಎಡಗೈಯಲ್ಲಿ ಬಸಿ ಸಮೇತ ಬಟ್ಟಲು, ಬಲಗೈಯಲ್ಲಿ ಅದರ ಮುಚ್ಚಳ. ಉಂಗುರಬೆರಳಿಗೂ ಕಿರುಬೆರಳಿಗೂ ಗೇಣುದ್ದದ ಉಗುರುಕವಚ ತೊಟ್ಟಿರುವುದರಿಂದ ಉಳಿದ ಮೂರೇ ಬೆರಳಿನಲ್ಲಿ ಮುಚ್ಚಳ ಹಿಡಿದು, ತೇಲುವ ಎಲೆಯನ್ನು ಆಚೆಗೆ ಸರಿಸಬೇಕು. ಮುಚ್ಚಳ ಮೆತ್ತಗೆ ಕೂತರೆ ಸಮಾಧಾನ, ಟಣ್ ಎಂದರೆ ಯಾರಿಗೋ ಗ್ರಹಚಾರ. ನಮ್ಮಲ್ಲಿ ಇಷ್ಟನ್ನು ಹೇಳಲು ಸೊಸೆಯ ಮುಖವನ್ನು ಮೂರು ಸಲ ಗುಡುಗಿನ ಸಮೇತ ತೋರಿಸಬೇಕಾಗುತ್ತದೆ.

ಇನ್ನು ಕಪಾಟಿನ ವಿಷಯ. ಪುಟ್ಟ ರಾಜಕುಮಾರಿಗೆ ಕುಡಿದ ಹಾಲೆಲ್ಲ ವಾಂತಿ. ಹುಡುಕಿದರೆ ಗಂಜಿಯಲ್ಲಿ ಮರಗೆಣಸಿನ ಹಿಟ್ಟು. ಮರಗೆಣಸೆಂದರೆ ನಮ್ಮ ಸಾಬಕ್ಕಿಯ ತಾಯಿ. ಏಕಾದಶಿಯ ಖಿಚಡಿ ಮಾಡಿಕೊಟ್ಟು ಬಂದು ಕೂತಿದ್ದ ನಾನು ಆ ಸಾಲನ್ನು ಅನುವಾದ ಮಾಡದೆ ನುಂಗಿಕೊಂಡೆ. ಆಮೇಲೆ ದರ್ಪದವಳು ಇನ್ನೊಬ್ಬ ರಾಣಿಗೆ ಬಲವಂತವಾಗಿ ಏನನ್ನೋ ಕುಡಿಸಿ ಅವಳ ಬಸಿರ ದಾರಿಯನ್ನೇ ಮುಚ್ಚಿದ ಕತೆ ಬಂತು. ಕೆಂಪು ಹೂವು ಎಂದಷ್ಟೇ ಅಕ್ಷರದಲ್ಲಿತ್ತು. ಯಾವ ಹೂವೆಂದು ಮೊಬೈಲಿನಲ್ಲಿ ಹುಡುಕಿದೆ. ಚಿತ್ರ ನೋಡಿದ್ದೇ ತಡ, ಅತ್ತೆ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡರು. "ಇದು ನಮ್ಮ ಕುಸುಬೆಯಲ್ಲವೇ!"

ಕುಸುಬೆಯೇ. ವಿಜಯಪುರದ ಕರಿನೆಲದಲ್ಲಿ ಹಿಂಗಾರಿಗೆ ಬೆಳೆಯುವ, ದನ ನುಗ್ಗದಿರಲೆಂದು ಹೊಲದ ಅಂಚಿಗೆ ಬಿತ್ತುವ ಮುಳ್ಳಿನ ಕುಸುಬೆ. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಕೊಯ್ಯಬೇಕೆಂದು ಕತ್ತಲಲ್ಲಿ ಎದ್ದು ಹೋಗುತ್ತಿದ್ದುದನ್ನು ಹೇಳುತ್ತಾ ಅತ್ತೆ ತಮ್ಮ ಮುಂಗೈ ನೋಡಿಕೊಂಡರು. ನಾವು ಬೀಜದ ಎಣ್ಣೆಯಲ್ಲಿ ಒಗ್ಗರಣೆ ಹಾಕಿದೆವು, ಅವರು ಎಸಳಿನಲ್ಲಿ ವಂಶ ನಿಲ್ಲಿಸಿದರು.

ಎಲ್ಲಕ್ಕಿಂತ ಬೇಜಾರು ಕಸ್ತೂರಿಯದು. ನಮ್ಮ ನುಡಿಯನ್ನೇ ಕಸ್ತೂರಿ ಎಂದು ಹೊಗಳಿಕೊಳ್ಳುವವರು ನಾವು. ಮಕ್ಕಳಿಗೆ ಶೀತವಾದರೆ ಅಜ್ಜಿಯ ಸಂಚಿಯಿಂದ ಕಸ್ತೂರಿ ಮಾತ್ರೆ ಹೊರಗೆ ಬರುತ್ತಿತ್ತು. ಆ ಅಂತಃಪುರದಲ್ಲಿ ಕಸ್ತೂರಿ ಎಂದರೆ ಗರ್ಭ ಇಳಿಸುವ ಅಸ್ತ್ರ. ಮುಲಾಮಿನಲ್ಲಿ ಕಸ್ತೂರಿ, ಧೂಪದಲ್ಲಿ ಕಸ್ತೂರಿ. ಗಂಟುಮೋರೆ ಒಂದು ವಿಶೇಷ ಧೂಪವನ್ನು ದರ್ಪದವಳಿಗೊಬ್ಬಳಿಗೇ ಕೊಟ್ಟಿರುತ್ತಾನೆ. ತನ್ನ ಮೇಲಿನ ಪ್ರೀತಿಗೆ ಗುರುತೆಂದು ಅವಳು ವರ್ಷಗಟ್ಟಲೆ ಅದನ್ನೇ ಹಚ್ಚುತ್ತಾಳೆ, ವರ್ಷಗಟ್ಟಲೆ ಮಗುವಿಗಾಗಿ ಹಂಬಲಿಸುತ್ತಾಳೆ. ಅವಳ ಅಣ್ಣ ಸೇನಾಪತಿ ನಿಯಾನ್ ಗೆಂಗ್‌ಯಾವ್. ಆ ಮನೆತನದ ರಕ್ತದಲ್ಲೊಂದು ಗಂಡು ಹುಟ್ಟಬಾರದೆಂದು ರಾಜನೇ ಧೂಪಕ್ಕೆ ಕಸ್ತೂರಿ ಬೆರೆಸಿದ್ದ. ನಮ್ಮ ಹುಡುಗಿ ಸತ್ಯ ಹೇಳಿದ ಗಳಿಗೆಯಲ್ಲಿ ದರ್ಪದವಳು ಗೋಡೆಗೆ ತಲೆ ಅಪ್ಪಳಿಸಿ ಸಾಯುತ್ತಾಳೆ. ಅಷ್ಟು ದಿನ ಅವಳನ್ನು ಶಪಿಸಿದ್ದ ಅತ್ತೆ ಕಣ್ಣೊರೆಸಿಕೊಂಡರು.

ಅವರನ್ನು ಸಮಾಧಾನ ಮಾಡಲು ಹೋಗಿ ನಾನು ಇತಿಹಾಸ ತೆಗೆದೆ. ಇದೆಲ್ಲ ಕಟ್ಟುಕತೆ, ಅತ್ತೆ. ಯೋಂಗ್‌ಝೆಂಗ್ ನಿಜ, ನಿಯಾನ್ ಮನೆಯ ಆ ರಾಣಿಯೂ ನಿಜ. 1725ರಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಅದಾದ ಸ್ವಲ್ಪ ದಿನಕ್ಕೆ ಅವಳ ಅಣ್ಣ ರಾಜಾಜ್ಞೆಯಂತೆ ಪ್ರಾಣ ಕಳೆದುಕೊಂಡ. ಆದರೆ ಅವಳು ಬಂಜೆಯಾಗಿರಲಿಲ್ಲ. ಮೂರು ಗಂಡು, ಒಂದು ಹೆಣ್ಣು ಹೆತ್ತಿದ್ದಳು.

"ಮಕ್ಕಳು ಏನಾದವು?"

ಯಾವುದೂ ಹತ್ತು ವರ್ಷ ದಾಟಲಿಲ್ಲ ಎಂದೆ. ಒಂದಂತೂ ಹುಟ್ಟಿದ ದಿನವೇ ಹೋಯಿತು.

"ಯಾರು ಏನು ಹಾಕಿದ್ದರು?"

ಯಾರೂ ಏನೂ ಹಾಕಿದ ದಾಖಲೆಯಿಲ್ಲ. ಆ ಕಾಲದಲ್ಲಿ ಮಕ್ಕಳು ಹಾಗೆ ಹೋಗುತ್ತಿದ್ದವು.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮವರಿಗಿಂತ ಮೊದಲು ಅವರಿಗೆ ಎರಡು ಮಕ್ಕಳು ಹೋಗಿದ್ದವು. ಅದು ನನಗೆ ಗೊತ್ತಿತ್ತು. ಅವರ ನೆಗೆಣ್ಣಿ ನಮ್ಮ ಮನೆಗೆ ಏಕೆ ಬರುವುದಿಲ್ಲ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಎರಡನೆಯದು ಹೋದ ದಿನ ಮನೆಯ ಹಿರಿಯರೆಲ್ಲ ಸೇರಿ ಅವಳ ಕಣ್ಣೇ ತಗುಲಿತು ಎಂದರಂತೆ. ಕೊಬ್ಬರಿ ಸಕ್ಕರೆ ತಂದುಕೊಟ್ಟಿದ್ದಳಂತೆ, ಅದೇ ನೆಪವಾಯಿತಂತೆ.

"ನಾನೂ ಹೌದು ಎಂದೆ," ಎಂದರು. ಆಮೇಲೆ ಕೋಲು ಹುಡುಕಿಕೊಂಡು, ಚಹಾ ಇಡು, ಇನ್ನೊಂದು ಕಂತು ನೋಡಿಯೇ ಮಲಗೋಣ ಎಂದರು. ಇನ್ನೂ ಮೂವತ್ತು ಚಿಲ್ಲರೆ ಬಾಕಿ ಇದ್ದವು.