ಶೋಕಿಯಲ್ಲ, ದುಡಿಮೆ
ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕಡೆಯ ಕೆಲವು ಶಾಲೆಗಳು ಸರ್ಫಿಂಗನ್ನು, ಅಂದರೆ ಹಲಗೆಯೇರಿ ಕಡಲಲೆಯ ಮೇಲೆ ಸಾಗುವ ಆಟವನ್ನು, ದೈಹಿಕ ಶಿಕ್ಷಣದ ತರಗತಿಯಾಗಿಯೇ ಕಲಿಸುತ್ತವೆ ಎಂಬ ಲೇಖನವೊಂದಕ್ಕೆ ಪ್ರತಿಕ್ರಿಯಿಸಿ ಹಲವರು ‘ಇದು ಶೋಕಿ, ವ್ಯಾಯಾಮವಲ್ಲ’ ಎಂದು ಬರೆದಿದ್ದಾರೆ. ಹಲಗೆ ಹಿಡಿದು ಕಡಲಿಗಿಳಿದವರು ಹಾಗೆ ಹೇಳಲಾರರು. ಅಲೆಯ ಮೇಲೆ ನಿಂತು ಸಾಗುವ ಹೊತ್ತು ಒಟ್ಟು ಸಮಯದ ಹತ್ತನೇ ಒಂದು ಪಾಲೂ ಇರುವುದಿಲ್ಲ. ಹೆಚ್ಚುಕಡಿಮೆ ಅರ್ಧ ಹೊತ್ತು ಹಲಗೆಯ ಮೇಲೆ ಬೋರಲು ಮಲಗಿ, ಕತ್ತೆತ್ತಿ, ಎರಡೂ ಕೈಗಳಿಂದ ನೀರು ಬಗೆಯುತ್ತಲೇ ಇರಬೇಕು. ಭುಜ, ಬೆನ್ನು, ಉಸಿರು ಮೂರಕ್ಕೂ ಬಿಡುವಿಲ್ಲ. ಅಲೆ ಹಿಂದಿನಿಂದ ಎತ್ತಿದಾಗ ಅಂಗೈ ಊರಿ, ಎದೆಯೆತ್ತಿ, ಒಂದೇ ನೆಗೆತಕ್ಕೆ ಪಾದಗಳನ್ನು ಹಲಗೆಯ ಮೇಲೆ ತಂದು ನಿಲ್ಲುವುದಿದೆಯಲ್ಲ, ದಿನವೂ ದಂಡ ಹೊಡೆಯುವ ಹುಡುಗನೂ ಅಲ್ಲಿ ಮುಗ್ಗರಿಸುತ್ತಾನೆ. ತೋಳಿನ ಬಲವಷ್ಟೇ ಸಾಲದು, ಸಮತೋಲ ಹಿಡಿಯಲು ಸೊಂಟ, ಮೊಣಕಾಲುಗಳೂ ಪಳಗಬೇಕು.

ಮಂಗಳೂರಿನ ಬಳಿಯ ನಮ್ಮ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರು ಎಷ್ಟೋ ವರ್ಷಗಳಿಂದ ಇದ್ದಾರೆ; ಅಲ್ಲೇ ಹತ್ತಿರದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದಿವೆ. ಆದರೂ ಕಡಲಿಗೆ ಕೂಗಳತೆ ದೂರದ ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ ಎಂದರೆ ಒಂದು ವಾಲಿಬಾಲ್, ಪರೀಕ್ಷೆ ಹತ್ತಿರವಾದರೆ ಅದೂ ಗಣಿತದ ಪಾಲು! ಮಳೆಗಾಲದ ಕಡಲು ಮಕ್ಕಳಿಗಲ್ಲ, ಒಪ್ಪುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಏನು ಅಡ್ಡಿ? ಮೊದಲು ಈಜು, ನೀರಿನ ಸೆಳೆತ ಗುರುತಿಸುವ ಪಾಠ, ದಡದಲ್ಲಿ ಜೀವರಕ್ಷಕರು ಇರಲಿ. ಹಲಗೆ ಆಮೇಲೆ ಬರಲಿ.